ಮನೆಯಲ್ಲೊಂದು ಬೆಳ್ಳಿತೆರೆ

ಮೊಣಕಾಲಿನ ನೋವಿನಿಂದಾಗಿ ನಮ್ಮ ತಾಯಿಯವರು ಚಿತ್ರಮಂದಿರದ ಮೆಟ್ಟಿಲು ಹತ್ತುವುದನ್ನು ಬಿಟ್ಟು ಆರು ವರ್ಷಗಳಾಗಿದ್ದವು. ಮನೆಯಲ್ಲಿ ಟೆಲಿವಿಷನ್ ಇತ್ತು. ಕೈಯಲ್ಲಿ ಮೊಬೈಲೂ ಇತ್ತು. ಆದರೆ ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕುಳಿತು ಆಳೆತ್ತರದ ಬಿಂಬಗಳನ್ನು ಕಂಡು ಬೆರಗಾದವರಿಗೆ ಅಂಗೈಯಗಲದ ಸಿನಿಮಾ ರುಚಿಸೀತೆ? “ಆ ‘ಬೇಡರ ಕಣ್ಣಪ್ಪ’ನನ್ನು ಇನ್ನೊಂದು ಸಲ ದೊಡ್ಡದಾಗಿ ನೋಡಬೇಕು ಕಣೋ” ಎಂದು ಆಗಾಗ ಹೇಳುತ್ತಿದ್ದರು. ಭದ್ರಾವತಿಯ ಹಳೇನಗರದಲ್ಲಿರುವ ನಮ್ಮ ಹೆಂಚಿನ ಮನೆಗೆ ಪ್ರೊಜೆಕ್ಟರೊಂದನ್ನು ತರಬೇಕೆಂಬ ಸಂಕಲ್ಪ ಹುಟ್ಟಿದುದು ಹೀಗೆ.

ಜಾಹೀರಾತೊಂದರಲ್ಲಿ “ಇಪ್ಪತ್ತು ಸಾವಿರ ಲ್ಯೂಮೆನ್” ಎಂಬ ಭರವಸೆಯನ್ನು ಓದಿ, ಅದನ್ನೇ ನಂಬಿ, ಅಗ್ಗದ ಯಂತ್ರವೊಂದನ್ನು ತರಿಸಿದೆ. ಭಾನುವಾರದ ಮಧ್ಯಾಹ್ನ ತಂದೆಯವರ ಕಾರ್ಖಾನೆಯ ಹಳೆಯ ಮಿತ್ರರೂ ಬಂದು ಕುಳಿತರು. ಗೋಡೆಯ ಮೇಲೆ ಮೂಡಿದುದು ಚಿತ್ರವಲ್ಲ, ಚಿತ್ರದ ನೆರಳು! ಬಂದವರು ಕಾಫಿ ಕುಡಿದು, ಸೌಜನ್ಯಕ್ಕೆ ಎರಡು ಮಾತನಾಡಿ ಎದ್ದುಹೋದರು. ತಾಯಿಯವರು ಏನನ್ನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಉಕ್ಕಿನ ಕಾರ್ಖಾನೆಯ ಕುಲುಮೆಯೆದುರು ಮೂವತ್ತು ವರ್ಷ ದುಡಿದ ತಂದೆಯವರು ಮಾತ್ರ ತಲೆಯೆತ್ತಿ ಮಾಡಿನ ಗಾಜಿನ ಹೆಂಚುಗಳನ್ನು ನೋಡಿ, “ಬೆಳಕು ಎಷ್ಟು ಅಂತ ಲೆಕ್ಕ ಹಾಕಿದೆಯಲ್ಲ, ಕತ್ತಲೆ ಎಷ್ಟಿದೆ ಅಂತ ನೋಡಿದೆಯೇನಪ್ಪಾ?” ಎಂದರು.

ಪ್ರೊಜೆಕ್ಟರಿನ ಮರ್ಮವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಯಂತ್ರವು ಬೆಳಕನ್ನು ಎಸೆಯಬಲ್ಲದೇ ಹೊರತು ಕತ್ತಲೆಯನ್ನು ಎಸೆಯಲಾರದು. ಚಿತ್ರದಲ್ಲಿ ಕಪ್ಪಾಗಿರಬೇಕಾದ ಭಾಗಕ್ಕೆ ಅದು ಬೆಳಕು ಕಳಿಸುವುದಿಲ್ಲ, ಅಷ್ಟೆ. ಕೋಣೆಯ ಬೆಳಕು ಅಲ್ಲಿ ಬಿದ್ದರೆ ನಾಯಕಿಯ ತಲೆಗೂದಲೂ ಗೋಡೆಯಂತೆಯೇ ಬೂದಾಗಿ ಕಾಣುವುದು. ಆದುದರಿಂದ ಕೊಳ್ಳುವ ಮುನ್ನ ಪರೀಕ್ಷಿಸಬೇಕಾದುದು ಅಂಗಡಿಯನ್ನಲ್ಲ, ನಮ್ಮ ಕೋಣೆಯನ್ನು.

ಲ್ಯೂಮೆನ್ ಎಂಬುದು ಬೆಳಕಿನ ಅಳತೆ. ಜಾಹೀರಾತಿನ ಬರಿಯ ‘ಲ್ಯೂಮೆನ್’ ಸಂಖ್ಯೆಯನ್ನು ನಂಬಲಾಗದು. ತೆರೆಯ ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯುವ ‘ಆನ್ಸಿ ಲ್ಯೂಮೆನ್’ ಎಷ್ಟೆಂದು ಕೇಳಬೇಕು. ಚಿತ್ರಮಂದಿರದ ತೆರೆಗೆ ತಂತ್ರಜ್ಞರು ಇರಿಸಿಕೊಂಡಿರುವ ಮಾನದಂಡವು ಚದರ ಅಡಿಗೆ ಹದಿನಾರು ಲ್ಯೂಮೆನ್ನುಗಳಷ್ಟು. ಮೂಲೆಯಿಂದ ಮೂಲೆಗೆ 100 ಅಂಗುಲವಿರುವ ಚಿತ್ರದ ವಿಸ್ತೀರ್ಣ ಸುಮಾರು 30 ಚದರ ಅಡಿ. ಪೂರ್ಣ ಕತ್ತಲೆಯಲ್ಲಿ ಅದಕ್ಕೆ 480 ಲ್ಯೂಮೆನ್ ಸಾಕು! ಬಳಸಿದಂತೆಲ್ಲ ದೀಪ ಮಂಕಾಗುವುದರಿಂದ ಪ್ರಾಮಾಣಿಕವಾದ 1,000 ಆನ್ಸಿ ಲ್ಯೂಮೆನ್ ಇದ್ದರೆ ಕತ್ತಲೆ ಕೋಣೆಗೆ ಕೊರತೆಯಿಲ್ಲ. ಹಗಲಿನಲ್ಲಿ ಕಿಟಕಿ ತೆರೆದು ನೋಡುವವರಿಗಾದರೋ 3,000 ಕೂಡ ತೃಪ್ತಿ ಕೊಡಲಾರದು. ಅಂಥವರು ಟೆಲಿವಿಷನ್ನನ್ನೇ ಕೊಳ್ಳುವುದು ಲೇಸು.

ಎರಡನೆಯದು ಅಳತೆಪಟ್ಟಿಯ ಕೆಲಸ. 100 ಅಂಗುಲದ ಚಿತ್ರದ ಅಗಲ ಏಳೂಕಾಲು ಅಡಿ, ಎತ್ತರ ನಾಲ್ಕು ಅಡಿಗೆ ತುಸು ಹೆಚ್ಚು. ಯಂತ್ರಕ್ಕೂ ಗೋಡೆಗೂ ಇರುವ ಅಂತರವನ್ನು ಚಿತ್ರದ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ‘ಥ್ರೋ ರೇಷಿಯೋ’ ಎಂದು ಹೆಸರು. ಅದು 1.2 ಆದರೆ ಯಂತ್ರವನ್ನು ಒಂಬತ್ತು ಅಡಿಯೊಳಗೆ ಇರಿಸಬಹುದು, 1.5 ಆದರೆ ಸುಮಾರು ಹನ್ನೊಂದು ಅಡಿ ಬೇಕು. ನಮ್ಮ ನಡುಮನೆಯ ಉದ್ದ ಹತ್ತೇ ಅಡಿ! ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ಗೋಡೆಯ ಮೇಲೆ ಚಿತ್ರದಷ್ಟೇ ಜಾಗವನ್ನು ಗುರುತಿಸಿ, ಕುಳಿತುಕೊಳ್ಳುವ ಸ್ಥಳದಿಂದ ಎರಡು ದಿನ ನೋಡಿರಿ. ಕತ್ತು ನೋಯದಿದ್ದರೆ ಅಳತೆ ಸರಿಯೆಂದು ತಿಳಿಯಬಹುದು.

ಮೂರನೆಯದು ಚಿತ್ರದ ಸ್ಪಷ್ಟತೆ. “4ಕೆ ಸಪೋರ್ಟ್” ಎಂದರೆ ಅಂಥ ಚಿತ್ರವನ್ನು ಯಂತ್ರ ಸ್ವೀಕರಿಸುತ್ತದೆಂದು ಅರ್ಥವೇ ವಿನಾ ಅಷ್ಟೇ ವಿವರವಾಗಿ ತೋರಿಸುತ್ತದೆಂದಲ್ಲ. ‘ನೇಟಿವ್ ರೆಸಲ್ಯೂಷನ್’ ಎಷ್ಟೆಂದು ಕೇಳಿರಿ. 1920ಕ್ಕೆ 1080 ಇದ್ದರೆ ಮನೆಗೆ ಸಾಕು. ದೀಪದ ಆಯುಸ್ಸನ್ನೂ ವಿಚಾರಿಸಬೇಕು. 5,000 ಗಂಟೆಯ ದೀಪವು ದಿನಕ್ಕೆ ಎರಡು ಗಂಟೆಯಂತೆ ಸುಮಾರು ಏಳು ವರ್ಷ ಬರುತ್ತದೆ. ಎಲ್‌ಇಡಿ ಮತ್ತು ಲೇಸರ್ ದೀಪಗಳ ಆಯುಸ್ಸು ಇನ್ನೂ ದೀರ್ಘ. ಕೆಲವು ಡಿಎಲ್‌ಪಿ ಯಂತ್ರಗಳಲ್ಲಿ ಕಣ್ಣು ಹೊರಳಿಸಿದಾಗ ಕಾಮನಬಿಲ್ಲಿನ ಎಳೆಗಳು ಮಿಂಚಿದಂತಾಗುವುದುಂಟು. ಇದು ಎಲ್ಲರಿಗೂ ಕಾಣುವುದಿಲ್ಲ. ಆದ್ದರಿಂದ ನೋಡುವವರನ್ನೇ ಕರೆದೊಯ್ದು ಅಂಗಡಿಯಲ್ಲಿ ತೋರಿಸುವುದು ಜಾಣತನ.

ಇನ್ನು ಬಳಕೆ. ಹೊಳಪಿಲ್ಲದ ಬಿಳಿಯ ಬಣ್ಣ ಬಳಿದ ನುಣುಪಾದ ಗೋಡೆಯೇ ಸಾಕಷ್ಟು ಒಳ್ಳೆಯ ತೆರೆ; ಎನಾಮೆಲ್ ಬಣ್ಣ ಮಾತ್ರ ಬೇಡ. ಹೆಂಚಿನ ಮಾಡಿಗೆ ಯಂತ್ರವನ್ನು ತೂಗುಹಾಕಿದರೆ ಧೂಳು, ಸೋರಿಕೆಗಳ ಭಯ. ಗಟ್ಟಿಯಾದ ಮೇಜೇ ಮೇಲು. ಯಂತ್ರವನ್ನು ಓರೆಯಾಗಿಟ್ಟು ‘ಕೀಸ್ಟೋನ್’ ಗುಂಡಿಯಿಂದ ಚಿತ್ರವನ್ನು ನೇರಮಾಡಿದರೆ ಸ್ಪಷ್ಟತೆ ಕುಂದುತ್ತದೆ. ಧ್ವನಿಪೆಟ್ಟಿಗೆ ತೆರೆಯ ಬಳಿಯಲ್ಲಿರಲಿ, ಮಾತು ಬೆನ್ನ ಹಿಂದಿನಿಂದ ಬರಬಾರದು. ಮಕ್ಕಳು ಮಸೂರದೊಳಕ್ಕೆ ಇಣುಕದಂತೆ ನೋಡಿಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯಬಹುದು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಯಂತ್ರವನ್ನು ನಡೆಸಿ, ಬಿಸಿ ಆರಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ತೆಗೆದಿಡಿ. ಹಳೆಯ ಬಗೆಯ ದೀಪದ ಯಂತ್ರಕ್ಕೆ ಚಿಕ್ಕ ಯುಪಿಎಸ್ ಒಂದಿರಲಿ. ವಿದ್ಯುತ್ ಹಠಾತ್ತನೆ ಹೋದಾಗ ಬೀಸಣಿಗೆ ನಿಂತು ಕಾದ ದೀಪ ಕೆಡುವ ಸಂಭವವುಂಟು.

ಮೊದಲ ಯಂತ್ರವನ್ನು ಹಿಂದಿರುಗಿಸಿ, ಶಿವಮೊಗ್ಗದ ಅಂಗಡಿಯೊಂದರಲ್ಲಿ ಕಣ್ಣಾರೆ ಕಂಡು ಸಾಧಾರಣವಾದ ಇನ್ನೊಂದನ್ನು ತಂದೆವು. ತಂದೆಯವರು ಏಣಿ ಹಾಕಿಸಿ, ಗಾಜಿನ ಹೆಂಚುಗಳಿಗೆ ಒಳಗಿನಿಂದ ಕಪ್ಪು ರಟ್ಟನ್ನು ಹೊಂದಿಸಿದರು, ಬೇಡವಾದಾಗ ಸರಿಸಬಹುದು. ಅಂದು ಸಂಜೆ 1954ರ ‘ಬೇಡರ ಕಣ್ಣಪ್ಪ’ ಗೋಡೆಯ ಮೇಲೆ ಮೂಡಿತು. ಆ ಕಾಲದ ಚಿತ್ರಗಳ ಚೌಕಟ್ಟು ಚೌಕಕ್ಕೆ ಸಮೀಪ. ಆದುದರಿಂದ ಏಳೂಕಾಲು ಅಡಿಯಲ್ಲಿ ಐದೂವರೆ ಅಡಿ ಮಾತ್ರ ತುಂಬಿ, ಇಕ್ಕೆಲದಲ್ಲಿ ಕಪ್ಪು ಪಟ್ಟಿ ಉಳಿಯಿತು. ಮಗಳು ಅದನ್ನು ಎಳೆದು ಅಗಲಮಾಡಲು ಹೊರಟಳು. “ಬೇಡ ಕಂದಾ, ರಾಜ್‌ಕುಮಾರ್ ಮುಖ ಊದಿಕೊಳ್ಳುತ್ತದೆ” ಎಂದರು ತಾಯಿಯವರು.

ಆಮೇಲೆ ಎರಡು ಗಂಟೆಗೂ ಮೀರಿ ಮನೆಯಲ್ಲಿ ಯಾರೂ ಮೊಬೈಲನ್ನು ಮುಟ್ಟಲಿಲ್ಲ. ನಾವು ಹಣ ಕೊಟ್ಟು ತಂದದ್ದು ಬೆಳಕನ್ನು. ಎಲ್ಲರನ್ನೂ ಒಂದೆಡೆ ಕೂಡಿಸಿದ ಕತ್ತಲೆಗೆ ಖರ್ಚಾದದ್ದು ನಾಲ್ಕು ತುಂಡು ರಟ್ಟು.