ಸೆರಾಮಿಕ್ ಕೋಟಿಂಗ್: ಮೊದಲೆರಡು ದಿನ ಕಾರಿಗೆ ನೀರು ಸೋಕದಿರಲಿ

ಬೈಲಹೊಂಗಲ: ಸಾವಿರಾರು ರೂಪಾಯಿ ವ್ಯಯಿಸಿ ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿದವರು ಮರುದಿನವೇ ವಾಹನವನ್ನು ಮಳೆಗೆ ಒಡ್ಡಿದರೆ ಹೊಳಪಿನ ಬದಲು ಕಲೆಗಳೇ ಉಳಿದಾವು.

ಈ ಲೇಪನದ ಮೂಲವಸ್ತು ಸಿಲಿಕಾನ್ ಸಂಯುಕ್ತಗಳು. ದ್ರಾವಕ ಆವಿಯಾದ ಬಳಿಕ ಅವು ಗಾಳಿಯಲ್ಲಿನ ತೇವಾಂಶದೊಡನೆ ವರ್ತಿಸಿ, ಬಣ್ಣದ ಮೇಲೆ ಗಾಜಿನಂತಹ ತೆಳುಪದರವಾಗಿ ಗಟ್ಟಿಗೊಳ್ಳುತ್ತವೆ. ಅಂದರೆ ಗಾಳಿಯ ತೇವ ಬೇಕು, ನಿಂತ ಹನಿ ಬೇಡ. ಹಸಿ ಪದರದ ಮೇಲೆ ಹನಿ ಕುಳಿತಲ್ಲಿ ಈ ಕ್ರಿಯೆ ಏರುಪೇರಾಗುತ್ತದೆ. ನೀರು ಆರಿದಾಗ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರವಾಗಿ ಅಂಟಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಈ ಲವಣಗಳು ಅಧಿಕ.

ಸಾಮಾನ್ಯವಾಗಿ ಮೊದಲ 24ರಿಂದ 48 ಗಂಟೆ ವಾಹನ ಒಣಗಿರಬೇಕು. 7 ದಿನ ತೊಳೆಯಬಾರದು, ಶಾಂಪೂ ಬಳಸಬಾರದು. ಪದರ ಪೂರ್ಣ ಗಟ್ಟಿಯಾಗಲು ಕೆಲವು ವಾರಗಳೇ ಬೇಕಾಗಬಹುದು.

ಕಿತ್ತೂರಿನಲ್ಲಿ ಮುಂಗಾರು ಮಳೆ ಹೆಚ್ಚು. ಸವದತ್ತಿ, ರಾಮದುರ್ಗಗಳಲ್ಲಿ ಮಳೆ ಕಡಿಮೆಯಾದರೂ ಚಳಿಗಾಲದ ನಸುಕಿನ ಇಬ್ಬನಿಯೂ ಹನಿಯೇ ಎಂಬುದನ್ನು ಮರೆಯಲಾಗದು. ಬೆಳಗಾವಿ ಅಥವಾ ಹುಬ್ಬಳ್ಳಿ-ಧಾರವಾಡದಲ್ಲಿ ಲೇಪನ ಮಾಡಿಸಿ ಊರಿಗೆ ಮರಳುವವರು ಹವಾಮಾನ ಮುನ್ಸೂಚನೆ ನೋಡಿಯೇ ದಿನ ಗೊತ್ತುಮಾಡುವುದು ಲೇಸು. ಸಾಧ್ಯವಿದ್ದರೆ ಮೊದಲ ರಾತ್ರಿ ಕಾರನ್ನು ಅಲ್ಲಿಯೇ ಬಿಡಬೇಕು.

ಮನೆಯಲ್ಲಿ ತೆರೆದ ಅಂಗಳಕ್ಕಿಂತ ಗಾಳಿಯಾಡುವ ಶೆಡ್ ಉತ್ತಮ. ಹೊದಿಕೆ ಹಾಕಬಾರದು. ಅದು ಒಳಗೆ ತೇವ ಹಿಡಿದಿಡುವುದಲ್ಲದೆ, ಹಸಿ ಪದರಕ್ಕೆ ಉಜ್ಜಿ ಗೆರೆ ಮೂಡಿಸುತ್ತದೆ.

ಅಕಸ್ಮಾತ್ ನೆನೆದರೆ ಬಿಸಿಲಿಗೆ ನಿಲ್ಲಿಸಿ ಆರಲು ಬಿಡಬಾರದು. ಮೃದುವಾದ ಮೈಕ್ರೋಫೈಬರ್ ಬಟ್ಟೆಯನ್ನು ಮೆಲ್ಲನೆ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಕಲೆ ಕಂಡರೆ ಪದರ ಪೂರ್ತಿ ಬಿಗಿಯುವ ಮುನ್ನವೇ ಲೇಪನ ಮಾಡಿದವರಿಗೆ ತೋರಿಸಿದಲ್ಲಿ ಸರಿಪಡಿಸುವುದು ಸುಲಭ. ತಡವಾದರೆ ಪಾಲಿಶ್ ಮಾಡಿ ಮತ್ತೆ ಲೇಪಿಸಬೇಕಾದೀತು.