ಏಳು ತೂತಿನಿಂದ ಕಂಡ ಕಪ್ಪುಕುಳಿ

ಟೆಲಿಸ್ಕೋಪಿನ ಕಣ್ಣನ್ನು ಮುಕ್ಕಾಲುಪಾಲು ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ ಅಂದ್ರೆ ನಂಬ್ತೀರಾ? ಜೇಮ್ಸ್ ವೆಬ್ ಟೆಲಿಸ್ಕೋಪ್ ಹೀಗೇ ಮಾಡಿ ಒಂದು ಹಳೆಯ ಊಹೆಯನ್ನು ತಲೆಕೆಳಗು ಮಾಡಿದೆ.

ನೋಡಿದ್ದು ಸರ್ಸಿನಸ್ ಗ್ಯಾಲಕ್ಸಿಯನ್ನು. ಲ್ಯಾಟಿನ್‌ನಲ್ಲಿ ಹಾಗಂದ್ರೆ ನಮ್ಮ ಜಾಮಿಟ್ರಿ ಬಾಕ್ಸಿನ ಕೈವಾರ. ದೂರ ಸುಮಾರು 1.3 ಕೋಟಿ ಜ್ಯೋತಿರ್ವರ್ಷ. ಅದರ ನಡುವೆ ದೈತ್ಯ ಕಪ್ಪುಕುಳಿ, ಸುತ್ತ ಉದ್ದಿನ ವಡೆ ಆಕಾರದಲ್ಲಿ ಅನಿಲ, ಧೂಳು. ಒಂದಷ್ಟು ಧೂಳು ಸುತ್ತುತ್ತಾ ಒಳಗೆ ಬೀಳುತ್ತೆ, ಒಂದಷ್ಟು ಹೊರಕ್ಕೆ ಚಿಮ್ಮುತ್ತೆ. ಇಂಥವನ್ನೇ ಸಕ್ರಿಯ ಗ್ಯಾಲಕ್ಸಿ ಅನ್ನೋದು.

ಈ ಧೂಳು ಮಾಮೂಲಿ ಬೆಳಕನ್ನು ತಡೆಯುತ್ತೆ. ಆದರೆ ಬಿಸಿಯಾದಾಗ ತಾನೇ ಇನ್‌ಫ್ರಾರೆಡ್‌ನಲ್ಲಿ ಹೊಳೆಯುತ್ತೆ. ಆ ಹೊಳಪು ಲೆಕ್ಕಕ್ಕಿಂತ ಜಾಸ್ತಿ ಇದೆ ಅನ್ನೋದು 1990ರ ದಶಕದಿಂದಲೂ ಒಗಟು. ಬಿಕಾಂ ಓದಿದವಳ ಭಾಷೆಯಲ್ಲಿ ಹೇಳೋದಾದ್ರೆ, ಟೋಟಲ್ ಗೊತ್ತಿತ್ತು, ಯಾವ ಖಾತೆಯಿಂದ ಎಷ್ಟು ಅಂತ ಗೊತ್ತಿರಲಿಲ್ಲ. ಹೆಚ್ಚಿನ ಪಾಲು ಹೊರಗೆ ಚಿಮ್ಮುವ ಧೂಳಿನದ್ದೇ ಅಂತ ವಿಜ್ಞಾನಿಗಳು ಅಂದುಕೊಂಡಿದ್ರು.

ವೆಬ್‌ನಲ್ಲಿ ಏಳು ಷಟ್ಕೋನ ತೂತುಗಳಿರುವ ಒಂದು ಮುಚ್ಚಳವಿದೆ. ಕೆರೆಗೆ ಎರಡು ಕಲ್ಲು ಎಸೆದ್ರೆ ಅಲೆಗಳು ಸೇರಿ ಚಿತ್ತಾರ ಆಗುತ್ತಲ್ಲ, ಆ ತೂತುಗಳಿಂದ ಬರುವ ಬೆಳಕೂ ಹಾಗೇ ಸೇರುತ್ತೆ. ಪೂರ್ತಿ ಕನ್ನಡಿಯ ಬೆಳಕು ಬಂದ್ರೆ ಚಿತ್ತಾರ ಕಲಸಿಹೋಗುತ್ತೆ. ಏಳೇ ತೂತಾದ್ರೆ ಯಾವ ಜೋಡಿಯಿಂದ ಯಾವ ಪಟ್ಟೆ ಬಂತು ಅಂತ ಬಿಡಿಸಿ, ಅದರಿಂದ ಚಿತ್ರ ಕಟ್ಟಬಹುದು. ಹೀಗೆ 6.5 ಮೀಟರ್ ಕನ್ನಡಿ 13 ಮೀಟರ್ ಕನ್ನಡಿಯಷ್ಟು ಸೂಕ್ಷ್ಮವಾಗಿ ನೋಡ್ತು. ನಮ್ಮ ಗ್ಯಾಲಕ್ಸಿಯ ಆಚೆ ಬಾಹ್ಯಾಕಾಶದಿಂದ ಈ ಉಪಾಯ ಬಳಸಿದ್ದು ಇದೇ ಮೊದಲು.

ಈಗ ಲೆಕ್ಕ ಕೇಳಿ. ಬಿಸಿ ಧೂಳಿನ ಇನ್‌ಫ್ರಾರೆಡ್‌ನಲ್ಲಿ ಸುಮಾರು ಶೇ 87ರಷ್ಟು ಬರೋದು ಕಪ್ಪುಕುಳಿಗೆ ತೀರಾ ಹತ್ತಿರದಿಂದ, ಅಂದ್ರೆ ಅದಕ್ಕೆ ಊಟವಾಗ್ತಿರೋ ಧೂಳಿನಿಂದ. ಹೊರಗೆ ಚಿಮ್ಮುವ ಧೂಳಿನ ಪಾಲು ಶೇ 1ಕ್ಕಿಂತ ಕಡಿಮೆ! ಉಳಿದ ಶೇ 12 ಇನ್ನೂ ದೂರದ ಧೂಳಿನದ್ದು.

ಹಾಗಂತ ಎಲ್ಲ ಗ್ಯಾಲಕ್ಸಿಗೂ ಇದೇ ಲೆಕ್ಕ ಅಂತಲ್ಲ. ಸರ್ಸಿನಸ್ ನಡುವಿನ ಹೊಳಪು ಮಧ್ಯಮ ಪ್ರಮಾಣದ್ದು. ಇನ್ನೂ ಪ್ರಖರವಾದ ಕಡೆ ಹೊರಗೆ ಚಿಮ್ಮೋದೇ ಹೆಚ್ಚಿರಬಹುದು. ಒಂದೆರಡು ಡಜನ್ ಗ್ಯಾಲಕ್ಸಿಗಳನ್ನಾದ್ರೂ ನೋಡ್ಬೇಕು.

ಇದೆಲ್ಲ ಯಾಕೆ ಮುಖ್ಯ? ಕಪ್ಪುಕುಳಿ ಹೊರಗೆ ತಳ್ಳುವ ಅನಿಲ, ಹೊಸ ನಕ್ಷತ್ರಗಳಿಗೆ ಬೇಕಾದ ಕಚ್ಚಾವಸ್ತು. ಅದು ಎಷ್ಟು ತಿನ್ನುತ್ತೆ, ಎಷ್ಟು ಉಗುಳುತ್ತೆ ಅಂತ ತಿಳಿದ್ರೆ, ಒಂದು ಗ್ಯಾಲಕ್ಸಿ ಹೇಗೆ ಬೆಳೆಯುತ್ತೆ ಅನ್ನೋದೂ ತಿಳಿಯುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.