ಕಾಲಿನ ನೀಲಿ ನರಗಳು: ಗುಳಿಗೆಯಿಂದ ಗುಣವೆಷ್ಟು?

ರಬಕವಿ-ಬನಹಟ್ಟಿಯ ಪಾವರ್‌ಲೂಮುಗಳ ಮುಂದೆ ದಿನವಿಡೀ ನಿಲ್ಲುವ ನೇಕಾರರು, ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಕಬ್ಬು ಕಡಿಯುವವರು, ಶಾಲೆಗಳಲ್ಲಿ ನಿಂತು ಪಾಠ ಹೇಳುವ ಶಿಕ್ಷಕರು, ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುವ ತಾಯಂದಿರು, ಇವರೆಲ್ಲರ ಕಾಯಕದ ಭಾರವನ್ನು ಹೊರುವುದು ಕಾಲುಗಳೇ. ಈ ಕಾಲುಗಳ ಮೇಲೆ ಜೇಡನ ಬಲೆಯಂತೆ ಹರಡಿದ ಕೆಂಪು, ನೀಲಿ ಗೆರೆಗಳು ಕಂಡೊಡನೆ ಕೆಲವರು ಗಾಬರಿಗೊಳ್ಳುತ್ತಾರೆ. ಮತ್ತೆ ಕೆಲವರು ಜಾಹೀರಾತನ್ನು ನಂಬಿ ದುಬಾರಿ ಗುಳಿಗೆಗಳನ್ನು ತರಿಸುತ್ತಾರೆ. ಈ ಎರಡಕ್ಕೂ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಒಳಿತು.

ನರವಲ್ಲ, ಅಭಿಧಮನಿ

ನಾವು ರೂಢಿಯಲ್ಲಿ ‘ನರ’ವೆಂದು ಕರೆಯುವ ಈ ಗೆರೆಗಳು ವಾಸ್ತವವಾಗಿ ಅಭಿಧಮನಿಗಳು, ಅಂದರೆ ಅಶುದ್ಧ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳು. ಕಾಲಿನಿಂದ ರಕ್ತವು ಮೇಲಕ್ಕೇರಬೇಕಾದುದರಿಂದ, ಅದು ಮತ್ತೆ ಕೆಳಗಿಳಿಯದಂತೆ ತಡೆಯುವ ಪುಟ್ಟ ಕವಾಟಗಳು ಈ ನಾಳಗಳಲ್ಲಿವೆ. ಇಟಲಿಯ ಫ್ಯಾಬ್ರಿಷಿಯಸ್ 1603ರಲ್ಲಿ ಇವುಗಳನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದಾಗ ಈ ಕವಾಟಗಳೇ ಅವನಿಗೆ ಆಧಾರವಾದವು. ನಾವು ನಡೆದಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತಾಗ ಈ ಪಂಪು ಸ್ತಬ್ಧವಾಗುತ್ತದೆ.

ಚರ್ಮದೊಳಗಿನ 1 ಮಿಲಿಮೀಟರಿಗಿಂತ ಸಣ್ಣ ನಾಳಗಳು ಹಿಗ್ಗಿ ಕಾಣಿಸಿಕೊಳ್ಳುವುದೇ ಜೇಡರಬಲೆಯ ಗೆರೆ. ಅನುವಂಶೀಯತೆ, ಗರ್ಭಧಾರಣೆ, ವಯಸ್ಸು ಇದಕ್ಕೆ ಮುಖ್ಯ ಕಾರಣಗಳು. ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ 3 ಮಿಲಿಮೀಟರ್ ಅಥವಾ ಅದಕ್ಕೂ ದಪ್ಪನಾಗಿ, ಹಗ್ಗದಂತೆ ಸುರುಳಿಗೊಂಡು ಉಬ್ಬಿದ ನಾಳಗಳ ಮಾತು ಬೇರೆ. ಅವುಗಳನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಅವುಗಳನ್ನು ಅಲಕ್ಷಿಸಿದರೆ ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ಬೇಗ ಮಾಯದ ಹುಣ್ಣಾಗಬಹುದು.

ಗುಳಿಗೆಗಳ ಪ್ರಯೋಜನವೆಷ್ಟು?

ಮೂಡಿದ ಗೆರೆಯನ್ನು ಅಳಿಸಿಹಾಕುವ ಗುಳಿಗೆ ಯಾವುದೂ ಇಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಕೆಲವು ವಸ್ತುಗಳಿಂದ ಕಾಲಿನ ಬಾವು, ಭಾರ, ನೋವುಗಳು ಸ್ವಲ್ಪ ತಗ್ಗಬಹುದು, ಅಷ್ಟೇ. ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಬೀಜದ ಸಾರದಿಂದ ಅಲ್ಪಾವಧಿಯಲ್ಲಿ ನೋವು, ಬಾವು ಕಡಿಮೆಯಾಗುತ್ತವೆಂದು 2012ರ ಕಾಕ್ರೇನ್ ಸಮೀಕ್ಷೆ ಹೇಳಿದೆ. ಆದರೆ ಅದರ ಹಸಿಬೀಜ ವಿಷಕಾರಿ. ಕಿತ್ತಳೆ ಜಾತಿಯ ಹಣ್ಣುಗಳಿಂದ ಪಡೆಯುವ ಡಯೋಸ್ಮಿನ್, ಹೆಸ್ಪೆರಿಡಿನ್ ಮುಂತಾದವುಗಳಿಂದ ಬಾವು ತುಸು ಇಳಿಯಬಹುದಾದರೂ, ಹುಣ್ಣು ಮಾಯುವುದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು 2020ರ ಸಮೀಕ್ಷೆಯಲ್ಲಿ ಕಂಡುಬಂದಿದೆ. ನಮ್ಮ ಒಂದೆಲಗದ ಸಾರವನ್ನು ಕುರಿತು ನಡೆದಿರುವ ಪರೀಕ್ಷೆಗಳು ಚಿಕ್ಕವು. ನಾಳದ ಗೋಡೆಗೆ ಬೇಕಾದ ಸಿ ಜೀವಸತ್ವವಂತೂ ನೆಲ್ಲಿಕಾಯಿ, ಪೇರಲ, ಲಿಂಬೆಹಣ್ಣುಗಳಲ್ಲಿಯೇ ಧಾರಾಳವಾಗಿ ದೊರೆಯುತ್ತದೆ.

ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇಂಥ ಯಾವುದನ್ನೂ ತೆಗೆದುಕೊಳ್ಳಬಾರದು.

ಚೀಟಿಯನ್ನು ಓದಿರಿ

ಪೂರಕ ಆಹಾರವೆಂದು ಮಾರುವ ಡಬ್ಬಿಯ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಎಚ್ಚರಿಕೆ ಇರಬೇಕೆಂದು 2016ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ರೋಗ ಗುಣಪಡಿಸುತ್ತೇವೆಂಬ ಮಾರಾಟಗಾರರ ಮಾತಿನೊಡನೆ ಈ ಒಂದು ಸಾಲನ್ನು ಹೋಲಿಸಿ ನೋಡಿರಿ. ಶಾಕಾಹಾರಿಗಳಾದ ನಮ್ಮ ಮನೆತನಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅನೇಕ ಕ್ಯಾಪ್ಸೂಲುಗಳ ಕವಚವು ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಜಿಲಾಟಿನ್ ಆಗಿರುತ್ತದೆ. ಚರ್ಮದ ಕಾಂತಿಗೆಂದು ಮಾರುವ ಕೊಲಾಜೆನ್ ಕೂಡ ಸಾಮಾನ್ಯವಾಗಿ ಪ್ರಾಣಿಮೂಲದ್ದು. ಆದ್ದರಿಂದ ಕೊಳ್ಳುವ ಮುನ್ನ ಹಸಿರು ಗುರುತನ್ನು ನೋಡಿರಿ.

ಮನೆಯಲ್ಲಿಯೇ ಮಾಡಬಹುದಾದುದು

ನಿಂತು ದುಡಿಯುವವರು ಆಗಾಗ ನಾಲ್ಕು ಹೆಜ್ಜೆ ನಡೆಯಬೇಕು. ಅದಕ್ಕೆ ಎಡೆಯಿಲ್ಲದಿದ್ದರೆ ನಿಂತಲ್ಲಿಯೇ ಹಿಮ್ಮಡಿಯನ್ನು ಹತ್ತಾರು ಬಾರಿ ಎತ್ತಿ ಇಳಿಸಬೇಕು. ಸಂಜೆ ಕಾಲುಗಳನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಹದಿನೈದು ನಿಮಿಷ ಮಲಗುವುದು ಹಿತಕರ. ದೇಹತೂಕ ಮಿತಿಯಲ್ಲಿರಲಿ. ಬಿಗಿಯಾದ ಕಾಲುಚೀಲಗಳಿಂದ ಭಾರ, ಬಾವು ತಗ್ಗುತ್ತವೆ. ಆದರೆ ಮಧುಮೇಹಿಗಳೂ ಕಾಲಿಗೆ ಶುದ್ಧರಕ್ತದ ಹರಿವು ಕಡಿಮೆಯಿರುವವರೂ ವೈದ್ಯರನ್ನು ಕೇಳಿಯೇ ಧರಿಸಬೇಕು. ಗೆರೆಗಳು ಮರೆಯಾಗಲೇಬೇಕೆಂದರೆ, ಸೂಕ್ಷ್ಮ ಸೂಜಿಯಿಂದ ಔಷಧ ಚುಚ್ಚಿ ನಾಳವನ್ನು ಮುಚ್ಚುವ ಸ್ಕ್ಲೀರೋಥೆರಪಿ ಹಾಗೂ ಲೇಸರ್ ಚಿಕಿತ್ಸೆಗಳಿವೆ.

ತಡಮಾಡಬಾರದ ಲಕ್ಷಣಗಳು

ಒಂದೇ ಕಾಲು ಹಠಾತ್ತನೆ ಬಾತು, ನೋವಿನಿಂದ ಬಿಸಿಯಾದರೆ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಏದುಸಿರು, ಎದೆನೋವು ಬಂದರೆ ಒಂದು ಗಳಿಗೆಯನ್ನೂ ಕಳೆಯಬಾರದು. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ರೋಗಿಯನ್ನು ಮಲಗಿಸಿ, ಕಾಲನ್ನು ಮೇಲೆತ್ತಿ, ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ಮಾಯದ ಹುಣ್ಣು, ಕಪ್ಪಾದ ಚರ್ಮ ಇದ್ದವರಿಗೆ ಡಾಪ್ಲರ್ ಪರೀಕ್ಷೆ ಅಗತ್ಯ. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ನಮ್ಮ ಊರುಗಳಿಗೆ ದೂರವೇನೂ ಅಲ್ಲ.

ನಮ್ಮ ಮನೆಗಳಲ್ಲಿ ತಾಯಂದಿರು ಕಾಲಿನ ನೋವನ್ನು ಸೀರೆಯ ಅಂಚಿನಲ್ಲಿ ಮರೆಮಾಡಿ ದುಡಿಯುವುದುಂಟು. ಮನೆಯವರು ತಾವಾಗಿಯೇ ವಿಚಾರಿಸಿ, ಗುಳಿಗೆಗೆ ತೆರುವ ಹಣದಲ್ಲಿ ಒಮ್ಮೆ ತಜ್ಞರಿಗೆ ತೋರಿಸುವುದು ಲೇಸು.